ಅಂಟು ಬರೀ ದಾರ, ಹಿಡಿದುಕೊಳ್ಳಬೇಕಾದದ್ದು ಹವಳ

ಪ್ರಶ್ನೆ: ಮೇಡಂ, ನಾನು ಶಿರಸಿಯಲ್ಲಿ ಹೈಸ್ಕೂಲ್ ಶಿಕ್ಷಕ. ಮನೆಯಲ್ಲಿ ಮೂರು ಅಡಿ ಉದ್ದದ, ಸುಮಾರು 180 ಲೀಟರಿನ ಸಮುದ್ರದ ಟ್ಯಾಂಕ್ ಇದೆ. ಶುರು ಮಾಡಿ ಎಂಟು ತಿಂಗಳಾಯಿತು. ಎರಡು ಕ್ಲೌನ್ ಮೀನು, ಕೆಲವು ಬಸವನಹುಳು, ಮೂರು ಹರ್ಮಿಟ್ ಏಡಿ ಇವೆ. ಜೂನ್ ಕೊನೆಗೆ ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಆರು ಹವಳದ ತುಂಡು ತಂದೆ. ಎರಡು ಜೋವಾ, ಎರಡು ಮಶ್ರೂಮ್, ಒಂದು ಟೋಡ್‌ಸ್ಟೂಲ್ ಲೆದರ್, ಒಂದು ಗ್ರೀನ್ ಸ್ಟಾರ್ ಪಾಲಿಪ್. ಬೆಳಕು ಜಾಸ್ತಿ ಸಿಗಲಿ ಅಂತ ಎಲ್ಲವನ್ನೂ ಕಲ್ಲಿನ ತುದಿಯಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸಿದೆ. ಎರಡೇ ದಿನಕ್ಕೆ ಜೋವಾ ಬಿದ್ದವು. ಮತ್ತೆ ಅಂಟಿಸಿದೆ, ಮತ್ತೆ ಬಿದ್ದವು. ಒಂದು ಮಶ್ರೂಮ್ ತೇಲಿಹೋಗಿ ನೀರು ಅಲುಗಿಸುವ ಪಂಪಿಗೆ, ಅಂದರೆ ವೇವ್‌ಮೇಕರಿಗೆ ಸಿಕ್ಕಿ ಚೂರಾಯಿತು. ಇನ್ನೊಂದು ಬಿಳಚಿಕೊಂಡಿದೆ. ಲೆದರ್ ಐದು ದಿನದಿಂದ ಮುಚ್ಚಿಕೊಂಡು ಕೂತಿದೆ, ಮೈಮೇಲೆ ಮೇಣದಂಥ ಪೊರೆ ಬಂದಿದೆ. ನಾಲ್ಕೈದು ಸಲ ಜಾಗ ಬದಲಿಸಿ ನೋಡಿದೆ. ಕಳೆದ ವಾರ ಕುಮಟಾಕ್ಕೆ ಹೋದಾಗ 40 ಲೀಟರ್ ಸಮುದ್ರದ ನೀರು ತಂದು ಹಾಕಿದ್ದೂ ಆಯಿತು. ಫೆವಿಕ್ವಿಕ್ ವಿಷ, ಅದಕ್ಕೇ ಹೀಗೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ತುಂಡು ತಂದುಕೊಡುತ್ತೇನೆ, ನಮ್ಮ ಕಡೆಯ ಹವಳ ಗಟ್ಟಿ ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ದಂಡೆಯಲ್ಲಿ ಸಿಗುವ ಸತ್ತ ಹವಳದ ಮೇಲೆ ಅಂಟಿಸಿದರೆ ನಿಲ್ಲುತ್ತದಾ? ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಚಿಂತೆಯೆಲ್ಲ ಅಂಟಿನ ಮೇಲಿದೆ. ತುಂಡು ಯಾಕೆ ನಿಲ್ಲುತ್ತಿಲ್ಲ, ನಿಲ್ಲಿಸಲು ಹೋಗಿ ನಾನೇ ವಿಷ ಹಾಕಿದೆನಾ ಅಂತ. ಆದರೆ ನನ್ನ ಕಣ್ಣು ನಿಂತದ್ದು ನೀವು ದಾರಿಯಲ್ಲಿ ಹೇಳಿಹೋದ ಎರಡು ಮಾತಿನ ಮೇಲೆ. ನಾಲ್ಕೈದು ಸಲ ಜಾಗ ಬದಲಿಸಿದ್ದು ಒಂದು. ಕುಮಟಾದಿಂದ 40 ಲೀಟರ್ ನೀರು ತಂದದ್ದು ಇನ್ನೊಂದು.

ಮೊದಲು ನೀರಿನ ವಿಷಯ. ಅದು ಇವತ್ತೇ ನೋಡಬೇಕಾದದ್ದು.

ಜುಲೈ ತಿಂಗಳಲ್ಲಿ ನಮ್ಮ ದಂಡೆಯ ನೀರು ಪೂರ್ತಿ ಸಮುದ್ರದ ನೀರಲ್ಲ. ಅಘನಾಶಿನಿ ಹುಟ್ಟುವುದು ನಿಮ್ಮ ಶಿರಸಿ ಸೀಮೆಯಲ್ಲೇ. ಅದಕ್ಕೆ ಅಣೆಕಟ್ಟು ಇಲ್ಲ. ಘಟ್ಟದ ಮೇಲೆ ಬಿದ್ದ ಮಳೆಯೆಲ್ಲ ತಡೆಯಿಲ್ಲದೆ ಇಳಿದು ಕುಮಟಾದ ಹತ್ತಿರ ಕಡಲು ಸೇರುತ್ತದೆ. ಕಾಳಿ ನದಿಗೆ ಅಣೆಕಟ್ಟುಗಳಿದ್ದರೂ ಇಲ್ಲಿ ಕಾರವಾರದಲ್ಲಿ ಅದರ ಸಿಹಿನೀರು ಕಡಲು ಸೇರುತ್ತದೆ. ಮಳೆಗಾಲದಲ್ಲಿ ಅಳಿವೆಯ ಆಸುಪಾಸಿನ ನೀರು ಬಾಯಿಗೆ ಹಾಕಿದರೆ ಸಪ್ಪೆ ಅನಿಸುವಷ್ಟು ಉಪ್ಪು ಇಳಿದಿರುತ್ತದೆ. ಅಂದರೆ ನಿಮ್ಮೂರಿನ ಮಳೆನೀರನ್ನೇ ನೀವು ದೇವಿಮನೆ ಘಟ್ಟ ಹತ್ತಿಸಿ ವಾಪಸ್ ತಂದಿದ್ದೀರಿ.

ಲೆಕ್ಕ ಹಾಕೋಣ. ಕಲ್ಲು, ಮರಳು ಕಳೆದರೆ ನಿಮ್ಮ ಟ್ಯಾಂಕಿನಲ್ಲಿ ನಿಜವಾದ ನೀರು ಸುಮಾರು 150 ಲೀಟರ್. ಅದರ ಉಪ್ಪಿನಂಶ ಲೀಟರಿಗೆ 35 ಗ್ರಾಂ ಇತ್ತು ಅಂದುಕೊಳ್ಳಿ. 40 ಲೀಟರ್ ತೆಗೆದು, ಲೀಟರಿಗೆ 15 ಗ್ರಾಂ ಉಪ್ಪಿನ ನೀರು ಹಾಕಿದರೆ ಇಡೀ ಟ್ಯಾಂಕ್ 30ಕ್ಕೆ ಇಳಿಯುತ್ತದೆ. ಅದೂ ಹತ್ತು ನಿಮಿಷದಲ್ಲಿ. ಮೀನು ಹೇಗೋ ತಡೆದುಕೊಳ್ಳುತ್ತದೆ. ಹವಳಕ್ಕೆ ಅದು ದೊಡ್ಡ ಪೆಟ್ಟು. ನಿಮ್ಮ ಲೆದರ್ ಮುಚ್ಚಿಕೊಂಡದ್ದು ಐದು ದಿನದ ಹಿಂದೆ, ನೀರು ಬದಲಿಸಿದ್ದು ಕಳೆದ ವಾರ. ದಿನ ತಾಳೆ ಆಗುತ್ತದೆ, ಅಲ್ವಾ?

ಉಪ್ಪಿನಂಶವನ್ನು ರಿಫ್ರಾಕ್ಟೋಮೀಟರಿನಲ್ಲಿ ಇವತ್ತೇ ಅಳೆಯಿರಿ. ಮುಳ್ಳಿನ ಪ್ಲಾಸ್ಟಿಕ್ ಮೀಟರನ್ನು ನಂಬಬೇಡಿ. ಇಳಿದಿದ್ದರೆ ಗಾಬರಿಯಾಗಿ ಉಪ್ಪು ಸುರಿಯಬೇಡಿ. ಆವಿಯಾಗಿ ಕಡಿಮೆಯಾದ ನೀರಿನ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಹಾಕುತ್ತ ಹೋಗಿ. ದಿನಕ್ಕೆ ಒಂದು ಗ್ರಾಂನಂತೆ ಏರಿದರೆ ಸಾಕು, ವಾರದಲ್ಲಿ ಸರಿಯಾಗುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ನೀರು ಆರುವುದು ಕಡಿಮೆ. ಹಾಗಾಗಿ ಬೇಕಿದ್ದರೆ ದಿನಾ ಹತ್ತು ಲೀಟರ್ ತೆಗೆದು, ಸ್ವಲ್ಪ ಗಟ್ಟಿ ಉಪ್ಪುನೀರು ಹಾಕಿ. ಈ ಸೆಪ್ಟೆಂಬರ್ ಕೊನೆಯವರೆಗೂ ದಂಡೆಯ ನೀರು ಬೇಡ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ ಮಾಡಿಕೊಳ್ಳಿ.

ಇನ್ನು ಅಂಟು, ಜಾಗದ ವಿಷಯಕ್ಕೆ ಬರುತ್ತೇನೆ.

ನೀವು ಶಿರಸಿಯವರು, ನಿಮಗೆ ಕಾಳುಮೆಣಸಿನ ಬಳ್ಳಿ ಗೊತ್ತು. ಹೊಸ ಬಳ್ಳಿಯನ್ನು ಅಡಿಕೆ ಮರಕ್ಕೆ ಹಚ್ಚುವಾಗ ಬಾಳೆಪಟ್ಟೆಯಿಂದಲೋ ದಾರದಿಂದಲೋ ಕಟ್ಟುತ್ತಾರೆ. ಬಳ್ಳಿಯನ್ನು ಕೊನೆತನಕ ಹಿಡಿದಿಡುವುದು ಆ ದಾರ ಅಲ್ಲ. ಗಿಣ್ಣಿನಿಂದ ಬೇರು ಹೊರಟು ಮರದ ತೊಗಟೆ ಹಿಡಿಯುವವರೆಗೆ ಬಳ್ಳಿ ಅಲುಗಾಡದಿದ್ದರೆ ಸಾಕು. ಆಮೇಲೆ ದಾರ ಕೊಳೆತು ಬಿದ್ದರೂ ಬಳ್ಳಿ ಬೀಳುವುದಿಲ್ಲ. ವಾರಕ್ಕೊಮ್ಮೆ ಬಿಚ್ಚಿ ಬೇರೆ ಮರಕ್ಕೆ ಕಟ್ಟಿದರೆ ಅದು ಯಾವ ಮರವನ್ನೂ ಹಿಡಿಯುವುದಿಲ್ಲ.

ಹವಳದ ತುಂಡೂ ಹಾಗೇ. ಕತ್ತರಿಸಿದ ಜಾಗದಲ್ಲಿ ಮೊದಲು ಗಾಯ ಮಾಯುತ್ತದೆ. ಮೃದು ಹವಳಕ್ಕೆ ಇದಕ್ಕೆ ಒಂದು ವಾರದ ಆಸುಪಾಸು ಬೇಕು. ಆಮೇಲೆ ಬುಡದ ಮಾಂಸ ನಿಧಾನಕ್ಕೆ ಕಲ್ಲಿನ ಮೇಲೆ ಹರಡಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಇನ್ನೂ ಕೆಲವು ವಾರ. ಆ ಹೊತ್ತಿನಲ್ಲಿ ತುಂಡು ಅಲುಗಾಡಿದರೆ ಹರಡಿದ ಅಂಚು ಕಿತ್ತುಬರುತ್ತದೆ. ಮತ್ತೆ ಮೊದಲಿನಿಂದ ಶುರು. ನೀವು ನಾಲ್ಕೈದು ಸಲ ಜಾಗ ಬದಲಿಸಿದಾಗ ಆದದ್ದು ಇದು. ಇರುವ ಶಕ್ತಿಯನ್ನೆಲ್ಲ ಅದು ಗಾಯಕ್ಕೇ ಖರ್ಚು ಮಾಡುತ್ತಿದೆ.

ಸಮುದ್ರದಲ್ಲೂ ಬಿರುಗಾಳಿಗೆ ಹವಳದ ಕೊಂಬೆ ಮುರಿಯುತ್ತದೆ. ಮುರಿದ ಚೂರು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಬದುಕಿ ಹೊಸ ಹವಳ ಆಗುತ್ತದೆ. ಮರಳಿನ ಮೇಲೆ ಉರುಳಾಡುತ್ತ ಉಳಿದರೆ ಸಾಮಾನ್ಯವಾಗಿ ಸಾಯುತ್ತದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹಾಳಾದ ಹವಳದ ದಿಬ್ಬಗಳನ್ನು ಮತ್ತೆ ಬೆಳೆಸಲು ತುಂಡುಗಳನ್ನು ಸಿಮೆಂಟಿನ ಹಲಗೆಗೆ ಕಟ್ಟಿ ತಳದಲ್ಲಿ ಇಡುತ್ತಾರೆ. ಅಲ್ಲೂ ಕಟ್ಟುವ ಉದ್ದೇಶ ಅಷ್ಟೇ: ಅಲುಗಾಡಬಾರದು.

ಹಾಗಾದರೆ ನಿಮ್ಮ ತುಂಡು ಬಿದ್ದದ್ದು ಯಾಕೆ? ನನ್ನ ಅಂದಾಜಿನಲ್ಲಿ ಕಾರಣ ಒಂದಲ್ಲ.

ನೀವು ಬಳಸಿದ್ದು ನೀರಿನಂತೆ ತೆಳ್ಳಗಿರುವ ಮಾಮೂಲಿ ಫೆವಿಕ್ವಿಕ್ ಇರಬೇಕು. ಈ ಅಂಟು ಗಟ್ಟಿಯಾಗುವುದೇ ನೀರು ತಾಗಿದಾಗ. ತೆಳ್ಳಗಿನದ್ದು ಟ್ಯಾಂಕಿನ ನೀರು ತಾಗಿದ ಕ್ಷಣಕ್ಕೆ ಬಿಳಿ ಸಿಪ್ಪೆಯಾಗಿ ಬಿಡುತ್ತದೆ. ಕಲ್ಲಿನ ಒರಟು ಮೈಗೆ ಇಳಿಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಜೆಲ್ ರೂಪದ್ದು ಬೇಕು. ಅದು ದಪ್ಪಗೆ ಉಂಡೆಯಂತೆ ನಿಲ್ಲುತ್ತದೆ, ಹೊರಗೆ ಸಿಪ್ಪೆಗಟ್ಟಿದರೂ ಒಳಗೆ ಸ್ವಲ್ಪ ಹೊತ್ತು ಹಸಿಯಾಗೇ ಇರುತ್ತದೆ.

ಎರಡನೆಯದು ಕಲ್ಲಿನ ಮೈ. ಎಂಟು ತಿಂಗಳ ಟ್ಯಾಂಕಿನ ಕಲ್ಲಿನ ಮೇಲೆ ಪಾಚಿ ಮತ್ತು ಬ್ಯಾಕ್ಟೀರಿಯಾದ ಲೋಳೆ ಇದ್ದೇ ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಜಾರುತ್ತದೆ. ನಿಮ್ಮ ಅಂಟು ಹಿಡಿದದ್ದು ಆ ಲೋಳೆಯನ್ನು, ಕಲ್ಲನ್ನಲ್ಲ. ಲೋಳೆ ಕಳಚಿದಾಗ ತುಂಡೂ ಬಂತು. ಬಿದ್ದ ತುಂಡಿನ ಅಡಿ ತಿರುಗಿಸಿ ನೋಡಿ. ಅಂಟಿನ ಕೆಳಗೆ ಹಸಿರೋ ಕಂದೋ ಪದರ ಅಂಟಿಕೊಂಡಿದ್ದರೆ ಇದೇ ಕಾರಣ.

ಮೂರನೆಯದು ಮಾಂಸಕ್ಕೇ ಅಂಟು ಹಚ್ಚುವುದು. ಮಶ್ರೂಮಿಗೆ ನೀವು ಹೀಗೆ ಮಾಡಿರಬಹುದು. ಮೃದು ಹವಳದ ಮೈ ತುಂಬ ಲೋಳೆ. ಏನೋ ತಾಗಿತು ಅಂದ ಕೂಡಲೇ ಇನ್ನಷ್ಟು ಲೋಳೆ ಬಿಟ್ಟು ಕಳಚಿಕೊಳ್ಳುತ್ತದೆ. ಜಗತ್ತಿನ ಯಾವ ಅಂಟೂ ಅಲ್ಲಿ ನಿಲ್ಲುವುದಿಲ್ಲ.

ನಾಲ್ಕನೆಯದು ಹರ್ಮಿಟ್ ಏಡಿ. ಅದಕ್ಕೆ ಹವಳದ ಮೇಲೆ ದ್ವೇಷ ಏನಿಲ್ಲ. ಪಾಚಿ ಹುಡುಕುತ್ತ ಹತ್ತುತ್ತದೆ, ಶಂಖದ ಭಾರಕ್ಕೆ ತುಂಡು ಉರುಳುತ್ತದೆ. ರಾತ್ರಿ ದೀಪ ಆರಿದ ಒಂದು ಗಂಟೆಯ ಮೇಲೆ ಕೆಂಪು ಟಾರ್ಚ್ ಹಿಡಿದು ನೋಡಿ, ಯಾರು ಬೀಳಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಪಕ್ಕದ ಮನೆಯವರ ಮಾತು: ಇಲ್ಲ, ಅಂಟು ವಿಷ ಅಲ್ಲ. ಇದರ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. ಸಯನೈಡಿನಂತೆ ಕೇಳಿಸುವುದರಿಂದ ಜನ ಹೆದರುತ್ತಾರೆ. ಇದೇ ಜಾತಿಯ ಅಂಟಿನಿಂದ ಆಸ್ಪತ್ರೆಗಳಲ್ಲಿ ಚರ್ಮದ ಗಾಯ ಮುಚ್ಚುತ್ತಾರೆ. ಗಟ್ಟಿಯಾದ ಮೇಲೆ ಅದು ಟ್ಯಾಂಕಿನಲ್ಲಿ ಸುಮ್ಮನೆ ಇರುವ ಪ್ಲಾಸ್ಟಿಕ್. ಹಸಿ ಇರುವಾಗ ಅದರ ಆವಿ ನಿಮ್ಮ ಕಣ್ಣಿಗೆ, ಮೂಗಿಗೆ ಉರಿ ತರಿಸುತ್ತದೆ, ಅಷ್ಟು ಎಚ್ಚರ ಸಾಕು. ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಮಾತ್ರ ಕಲಸಿದ ದಿನ ಸ್ಕಿಮ್ಮರಿನಲ್ಲಿ (ನೀರಿನ ಹೊಲಸನ್ನು ನೊರೆಯಾಗಿ ತೆಗೆಯುವ ಯಂತ್ರ) ನೊರೆ ಉಕ್ಕಿಸುತ್ತದೆ. ಒಂದು ದಿನ ಸ್ಕಿಮ್ಮರ್ ಕಪ್ ಮೇಲಕ್ಕೆತ್ತಿ ಇಡಿ. ಪ್ಲಂಬಿಂಗ್ ಕೆಲಸದ ಪುಟ್ಟಿಯನ್ನು ನಾನು ಟ್ಯಾಂಕಿಗೆ ಹಾಕುವುದಿಲ್ಲ. ಅಕ್ವೇರಿಯಂಗೆ ಅಂತಲೇ ಮಾಡಿದ್ದನ್ನೇ ತರಿಸುತ್ತೇನೆ.

ನಿಮ್ಮಲ್ಲಿ ನಿಜಕ್ಕೂ ತೊಂದರೆ ಮಾಡಿದ ತಪ್ಪು ನಂಬಿಕೆ ಬೇರೆ. ಮೇಲೆ ಇಟ್ಟರೆ ಬೆಳಕು ಜಾಸ್ತಿ, ಬೆಳಕು ಜಾಸ್ತಿಯಾದರೆ ಹವಳಕ್ಕೆ ಒಳ್ಳೆಯದು ಅನ್ನುವುದು. 13 ವರ್ಷದಿಂದ ಕಾರವಾರ, ಕುಮಟಾ, ಶಿರಸಿ ಕಡೆಯ ಮನೆಗಳ ಟ್ಯಾಂಕ್ ನೋಡಿಕೊಳ್ಳುತ್ತಿದ್ದೇನೆ. ಹೊಸಬರ ಟ್ಯಾಂಕಿನಲ್ಲಿ ಹವಳ ಕತ್ತಲೆಯಿಂದ ಸತ್ತದ್ದಕ್ಕಿಂತ ಬೆಳಕಿನಿಂದ ಸತ್ತದ್ದನ್ನೇ ಹೆಚ್ಚು ನೋಡಿದ್ದೇನೆ.

ಇದಕ್ಕೆ ಕಾರಣ ಹವಳದ ಮೈಯೊಳಗೇ ಇದೆ. ಅದರ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಆ ಪಾಚಿ ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಊಟ ಕೊಡುತ್ತದೆ. ಒಂದು ಮಿತಿ ಮೀರಿ ಬೆಳಕು ಬಿದ್ದರೆ ಅದೇ ಪಾಚಿ ಹವಳವನ್ನು ಒಳಗಿನಿಂದ ಸುಡುವಂಥ ಆಮ್ಲಜನಕದ ರೂಪಗಳನ್ನು ಹೊರಹಾಕತೊಡಗುತ್ತದೆ. ಆಗ ಹವಳ ತನ್ನ ಪಾಚಿಯನ್ನೇ ಹೊರದಬ್ಬುತ್ತದೆ. ಬಣ್ಣ ಹೋಗುತ್ತದೆ, ಊಟವೂ ಹೋಗುತ್ತದೆ. ಬಿಳಚಿಕೊಂಡ ನಿಮ್ಮ ಮಶ್ರೂಮಿಗೆ ಆಗಿರುವುದು ಬಹುಪಾಲು ಇದೇ. ಅದು ಸತ್ತಿಲ್ಲ, ಹಸಿದಿದೆ.

ಬೆಳಕು ಕಡಿಮೆಯಾದರೆ ಬೇರೆ ಲಕ್ಷಣ. ಹವಳ ಬಿಳಿಯಾಗುವುದಿಲ್ಲ, ಕಂದಾಗುತ್ತದೆ. ಇರುವಷ್ಟು ಬೆಳಕನ್ನು ಹಿಡಿಯಲು ಅದು ಪಾಚಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಜೋವಾದ ದಂಟು ಉದ್ದವಾಗಿ ಬೆಳಕಿನ ಕಡೆ ಚಾಚುತ್ತದೆ. ಇದು ನಿಧಾನಕ್ಕೆ ಆಗುವ ತೊಂದರೆ. ತಿದ್ದಿಕೊಳ್ಳಲು ವಾರಗಟ್ಟಲೆ ಸಮಯ ಇರುತ್ತದೆ. ಬಿಳಚುವುದು ಎರಡು ಮೂರು ದಿನದ ಆಟ. ಹಾಗಾಗಿ ಗೊತ್ತಿಲ್ಲದಾಗ ಕೆಳಗೇ ಇಡುವುದು ಕ್ಷೇಮ.

ಲೆಕ್ಕ ಬೇಕಿದ್ದರೆ ಹೇಳುತ್ತೇನೆ. ಬೆಳಕನ್ನು ಪಾರ್ ಅನ್ನುವ ಅಳತೆಯಲ್ಲಿ ನೋಡುತ್ತೇವೆ. ನಡುಹಗಲಿನ ಬಿಸಿಲಿನಲ್ಲಿ ಅದು ಸುಮಾರು 2000 ಇರುತ್ತದೆ. ಮಶ್ರೂಮಿಗೆ 50ರಿಂದ 100 ಸಾಕು. ಜೋವಾ, ಲೆದರ್‌ಗೆ 100ರಿಂದ 150. ಗ್ರೀನ್ ಸ್ಟಾರ್ ಪಾಲಿಪ್ ಎಲ್ಲಿಟ್ಟರೂ ಬದುಕುತ್ತದೆ. ಮೀಟರ್ ದುಬಾರಿ, ಯಾರಾದರೂ ಹವ್ಯಾಸಿಯಿಂದ ಒಂದು ದಿನಕ್ಕೆ ಕೇಳಿ ತನ್ನಿ. ಮೊಬೈಲ್ ಆ್ಯಪ್ ನಂಬಬೇಡಿ. ಲಕ್ಸ್ ಅಳೆಯುವ ಆ್ಯಪ್ ಮನುಷ್ಯರ ಕಣ್ಣಿನ ಲೆಕ್ಕದಲ್ಲಿ ನೋಡುತ್ತದೆ. ಹವಳದ ಟ್ಯಾಂಕಿನ ಎಲ್ಇಡಿಯ ನೀಲಿ ಬೆಳಕನ್ನು ಅದು ಕಡಿಮೆ ತೋರಿಸುತ್ತದೆ. ಮೀಟರ್ ಸಿಗದಿದ್ದರೆ ಎಲ್ಇಡಿಯನ್ನು ಅರ್ಧಕ್ಕೆ ಇಳಿಸಿ, ದಿನಕ್ಕೆ ಎಂಟು ಗಂಟೆ ಮಾಡಿ. ವಾರಕ್ಕೆ ಶೇಕಡಾ ಐದರಷ್ಟು ಮಾತ್ರ ಏರಿಸಿ. ಹವಳವನ್ನು ಎತ್ತಿ ಮೇಲೆ ಕೆಳಗೆ ಮಾಡುವುದಕ್ಕಿಂತ ದೀಪವನ್ನು ಏರಿಸಿ ಇಳಿಸುವುದು ಎಷ್ಟೋ ಒಳ್ಳೆಯದು.

ಬೆಳಕಿಗಿಂತ ಕಡಿಮೆ ಗಮನ ಕೊಡುವ ವಿಷಯ ನೀರಿನ ಸೆಳೆತ. ನಮ್ಮ ದಂಡೆಯ ಬಂಡೆಗಳಲ್ಲಿ ನೀಲಿಕಲ್ಲು ಅನ್ನುವ ಚಿಪ್ಪುಜೀವಿ ಎಲ್ಲಿ ದಟ್ಟವಾಗಿ ಕೂತಿರುತ್ತದೆ ಅಂತ ನೋಡಿದ್ದೀರಾ? ಅಲೆ ಬಂದು ಹೋಗುವ ಕಡೆ. ಕೂತಲ್ಲೇ ಇರುವ ಪ್ರಾಣಿಗೆ ಊಟ, ಉಸಿರು ತಂದುಕೊಡುವುದೂ ನೀರೇ, ಹೊಲಸು ಒಯ್ಯುವುದೂ ನೀರೇ. ಹವಳಕ್ಕೂ ಅದೇ. ಆದರೆ ವೇವ್‌ಮೇಕರಿನ ಬಾಯಿಗೆ ನೇರ ಎದುರಾಗಿ ಇಟ್ಟರೆ ಮಾಂಸ ಕಿತ್ತುಹೋಗುತ್ತದೆ. ಬೇಕಾದದ್ದು ಅತ್ತಿತ್ತ ತೂಗುವ ಸೆಳೆತ. ಒಂದೇ ಕಡೆಗೆ ಒತ್ತುವ ಧಾರೆ ಅಲ್ಲ. ವೇವ್‌ಮೇಕರನ್ನು ಗಾಜಿನ ಕಡೆಗೋ ನೀರಿನ ಮೇಲ್ಮೈಯ ಕಡೆಗೋ ತಿರುಗಿಸಿ, ನೀರು ಬಡಿದು ಚೆದುರಲಿ.

ಪರೀಕ್ಷೆ ಸುಲಭ. ಮೀನಿನ ಒಣ ಆಹಾರವನ್ನು ಬೆರಳಲ್ಲಿ ಪುಡಿ ಮಾಡಿ ಹಾಕಿ, ಕಣಗಳು ಹೋಗುವ ದಾರಿ ನೋಡಿ. ಕಣ ನಿಂತುಬಿಡುವ ಮೂಲೆಯಲ್ಲಿ ಹೊಲಸು ಕೂರುತ್ತದೆ, ಅಲ್ಲಿ ಯಾವ ಹವಳವೂ ಬೇಡ. ಬಾಣದಂತೆ ಹಾರುವ ಕಡೆಯೂ ಬೇಡ. ಸುತ್ತಿ ಸುತ್ತಿ ನಿಧಾನಕ್ಕೆ ಸಾಗುವ ಕಡೆ ಜೋವಾ. ಅದಕ್ಕಿಂತ ತುಸು ಜೋರಿರುವ ಕಡೆ ಲೆದರ್. ತೀರಾ ಶಾಂತವಾದ ಕಡೆ ಮಶ್ರೂಮ್.

ಲೆದರಿಗೆ ಯಾಕೆ ಜೋರು ಬೇಕು ಅಂದರೆ ಆ ಮೇಣದ ಪೊರೆಗಾಗಿ. ಅದು ರೋಗ ಅಲ್ಲ. ಲೆದರ್ ಆಗಾಗ ಮುಚ್ಚಿಕೊಂಡು, ಮೈಮೇಲಿನ ಪಾಚಿ, ಹೊಲಸನ್ನೆಲ್ಲ ಒಂದು ಪೊರೆಯ ಜೊತೆ ಕಳಚಿ ಹಾಕುತ್ತದೆ. ಪೆಟ್ಟು ಬಿದ್ದಾಗಲೂ ಹೀಗೇ ಮಾಡುತ್ತದೆ. ಒಂದು ವಾರ, ಕೆಲವೊಮ್ಮೆ ಎರಡು ವಾರವೂ ಆಗಬಹುದು. ಬೆರಳಿನಿಂದ ಕೆರೆದು ತೆಗೆಯಬೇಡಿ. ಸೆಳೆತ ಸಾಕಷ್ಟಿದ್ದರೆ ತಾನೇ ಹೋಗುತ್ತದೆ. ಮೈ ಮೆತ್ತಗಾಗಿ ಕಂದು ಲೋಳೆ ಕರಗಿ ಬರುತ್ತಿದ್ದರೆ, ಕೊಳೆತ ವಾಸನೆ ಇದ್ದರೆ ಮಾತ್ರ ಗಾಬರಿಯಾಗಿ. ಆಗ ಹೊರತೆಗೆದು ಕೊಳೆತ ಭಾಗ ಕತ್ತರಿಸಿ ಹಾಕಬೇಕು.

ಇನ್ನು ಯಾರ ಪಕ್ಕ ಯಾರು. ಟೋಡ್‌ಸ್ಟೂಲ್ ಇವತ್ತು ಎರಡು ರೂಪಾಯಿ ನಾಣ್ಯದಷ್ಟಿರಬಹುದು. ಎರಡು ವರ್ಷದಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಹೋಗಬಹುದು. ಅದರ ಕೆಳಗಿರುವವರಿಗೆಲ್ಲ ನೆರಳು. ಜೊತೆಗೆ ಲೆದರ್ ಹವಳಗಳು ತಮ್ಮ ಸುತ್ತ ಯಾರೂ ಬೆಳೆಯದಂತೆ ನೀರಿಗೆ ರಾಸಾಯನಿಕ ಬಿಡುತ್ತವೆ. ಸುತ್ತ ಒಂದು ಗೇಣಾದರೂ ಖಾಲಿ ಬಿಡಿ, ಫಿಲ್ಟರಿನಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ ತಿಂಗಳಿಗೊಮ್ಮೆ ಬದಲಿಸಿ. ಗ್ರೀನ್ ಸ್ಟಾರ್ ಪಾಲಿಪ್ ಗರಿಕೆಯಂತೆ. ದೊಡ್ಡ ಕಲ್ಲಿಗೆ ಅಂಟಿಸಿದರೆ ಇಡೀ ಕಲ್ಲು ಅದರದ್ದೇ ಆಗುತ್ತದೆ, ಆಮೇಲೆ ಕಿತ್ತು ಮುಗಿಸಲು ಆಗುವುದಿಲ್ಲ. ಮರಳಿನ ಮೇಲೆ ಬೇರೆ ಒಂದು ಸಣ್ಣ ಕಲ್ಲಿಟ್ಟು, ಸುತ್ತ ನಾಲ್ಕು ಬೆರಳು ಮರಳು ಬಿಟ್ಟು, ಅದರ ಮೇಲೆ ಕೂರಿಸಿ.

ಅಂಟಿಸುವ ಕೆಲಸ ಹೀಗೆ ಮಾಡಿ. ಸದ್ಯಕ್ಕೆ ಯಾವುದನ್ನೂ ಅಂಟಿಸಬೇಡಿ. ಉಪ್ಪಿನಂಶ ಸರಿಯಾಗುವವರೆಗೆ ಎಲ್ಲವನ್ನೂ ಕೆಳಗೆ, ಮರಳಿನ ಹತ್ತಿರ ಇಡಿ. ಫಾಲ್ಸ್ ಸೀಲಿಂಗ್ ದೀಪಕ್ಕೆ ಹಾಕುವ ಚೌಕ ಚೌಕದ ಪ್ಲಾಸ್ಟಿಕ್ ಜಾಲರಿ ಸಿಗುತ್ತದಲ್ಲ, ಅದರ ಅಂಗೈಯಗಲದ ತುಂಡು ಸಾಕು. ಹವಳದ ತುಂಡು ಕೂತಿರುವ ಸಣ್ಣ ಬಿಲ್ಲೆಗೆ ಪ್ಲಗ್ ಅನ್ನುತ್ತೇವೆ. ಅದರ ಕಾಲು ಆ ಚೌಕದೊಳಗೆ ಭದ್ರವಾಗಿ ಕೂರುತ್ತದೆ. ಏಡಿ ಹತ್ತಿದರೂ ಬೀಳುವುದಿಲ್ಲ. ಎರಡು ವಾರ ಅಲ್ಲೇ ಇರಲಿ. ಆ ಎರಡು ವಾರ ಹವಳಕ್ಕೆ ಕೈ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕಷ್ಟ ಅಂತ ನನಗೂ ಗೊತ್ತು.

ಹಗಲಿನಲ್ಲಿ ಪೂರ್ತಿ ಅರಳಿ ನಿಲ್ಲಲು ಶುರುವಾದ ಮೇಲೆ ಜಾಗ ಗೊತ್ತುಮಾಡಿ. ಸಾಧ್ಯವಾದರೆ ಅಂಟಿಗಿಂತ ಸಂದಿ ಒಳ್ಳೆಯದು. ಪ್ಲಗ್‌ನ ಕಾಲು ಕಲ್ಲಿನ ತೂತಿನಲ್ಲಿ ಬಿಗಿಯಾಗಿ ಸಿಕ್ಕಿದರೆ ಅದಕ್ಕಿಂತ ಭದ್ರ ಬೇರೆ ಇಲ್ಲ, ಮನಸ್ಸು ಬದಲಾದರೆ ತೆಗೆಯಲೂಬಹುದು. ಸಂದಿ ಸಿಗದಿದ್ದರೆ ಜೆಲ್. ಮೊದಲು ಪಂಪ್ ನಿಲ್ಲಿಸಿ. ಕಲ್ಲಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಒರಟು ಕಲ್ಲು ಕೈಗೆ ಸಿಗುವವರೆಗೆ ಉಜ್ಜಿ. ಪ್ಲಗ್ ಹೊರತೆಗೆದು ಅಡಿಯನ್ನು ಟಿಶ್ಯೂವಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಜೆಲ್ ಹಚ್ಚಿ. ನೀರಿಗಿಳಿಸಿ ಕಲ್ಲಿಗೆ ಒತ್ತಿ, ಎಡಕ್ಕೆ ಬಲಕ್ಕೆ ಎರಡು ಸಲ ತಿರುಗಿಸಿ. ಈ ತಿರುಗಿಸುವುದನ್ನು ಬಹಳ ಜನ ಬಿಡುತ್ತಾರೆ. ನೀರು ತಾಗಿದ ಕೂಡಲೇ ಅಂಟಿನ ಹೊರಗೆ ಸಿಪ್ಪೆ ಕಟ್ಟಿರುತ್ತದೆ. ತಿರುಗಿಸಿದರೆ ಸಿಪ್ಪೆ ಹರಿದು ಒಳಗಿನ ಹಸಿ ಅಂಟು ಕಲ್ಲಿಗೆ ತಾಗುತ್ತದೆ. ಒಂದು ನಿಮಿಷ ಅಲುಗಾಡಿಸದೆ ಹಿಡಿದು ಬಿಡಿ. ಹದಿನೈದು ನಿಮಿಷ ಬಿಟ್ಟು ಪಂಪ್ ಹಾಕಿ. ಭಾರದ ತುಂಡಾದರೆ ಪ್ಲಗ್‌ಗೆ ಜೆಲ್, ನಡುವೆ ಪುಟ್ಟಿ, ಪುಟ್ಟಿಯ ಕೆಳಗೆ ಮತ್ತೆ ಜೆಲ್. ಪುಟ್ಟಿಗೆ ತಾನಾಗಿ ಅಂಟುವ ಗುಣ ಕಡಿಮೆ, ಜೆಲ್‌ಗೆ ಪಕ್ಕದಿಂದ ಬೀಳುವ ಹೊಡೆತ ತಡೆಯುವ ಶಕ್ತಿ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಮಶ್ರೂಮಿಗೆ ಅಂಟೇ ಬೇಡ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಿಪ್ಪಿನ ಚೂರು ಹರಡಿ, ಅದರ ಮೇಲೆ ಮಶ್ರೂಮ್ ಬಿಟ್ಟು, ಬಾಯಿಗೆ ನೆಟ್ ಬಟ್ಟೆ ಕಟ್ಟಿ. ಹುಡುಗಿಯರ ಫ್ರಾಕಿಗೆ ಹೊಲಿಯುತ್ತಾರಲ್ಲ, ಆ ಬಟ್ಟೆ. ಸೊಳ್ಳೆ ಪರದೆ ಬೇಡ, ಕೆಲವಕ್ಕೆ ಕೀಟನಾಶಕ ಹಚ್ಚಿರುತ್ತಾರೆ. ಡಬ್ಬಿಯನ್ನು ಟ್ಯಾಂಕಿನ ಶಾಂತ ಮೂಲೆಯಲ್ಲಿ ಮುಳುಗಿಸಿಡಿ. ಒಂದೆರಡು ವಾರದಲ್ಲಿ ಅದು ತಾನೇ ಯಾವುದೋ ಚಿಪ್ಪನ್ನು ಹಿಡಿದಿರುತ್ತದೆ. ಆಮೇಲೆ ಆ ಚಿಪ್ಪಿಗೆ ಅಂಟು ಹಚ್ಚಿ ಬೇಕಾದಲ್ಲಿ ಕೂರಿಸಿ. ಚಿಪ್ಪು ಎಲ್ಲಿಂದ ಅಂತ ಕೇಳಬೇಡಿ, ಕುಮಟಾದಲ್ಲಿ ಬೆಳಚು (ಅಳಿವೆಯ ಚಿಪ್ಪುಜೀವಿ) ತಿನ್ನುವ ಯಾರ ಮನೆಯ ಹಿತ್ತಲಲ್ಲೂ ರಾಶಿ ಇರುತ್ತದೆ. ಮಾಂಸ ಪೂರ್ತಿ ಕೆರೆದು, ಕುದಿಸಿ, ಒಣಗಿಸಿ ಬಳಸಿ. ನಿಮ್ಮ ಮನೆಯಂಗಳದ ಚಿರೆಕಲ್ಲು ಮಾತ್ರ ಟ್ಯಾಂಕಿಗೆ ಬೇಡ. ಪುಡಿಯಾಗುತ್ತದೆ, ಅದರಲ್ಲಿ ಕಬ್ಬಿಣ ಜಾಸ್ತಿ.

ಲೆದರ್ ಪ್ಲಗ್‌ನಿಂದ ಬಿಡಿಸಿಕೊಂಡಿದ್ದರೆ ದಂಟಿನ ಬುಡದಲ್ಲಿ ಅಡ್ಡಲಾಗಿ ಟೂತ್‌ಪಿಕ್ ಚುಚ್ಚಿ, ಟೂತ್‌ಪಿಕ್‌ನ ಎರಡು ತುದಿಯನ್ನು ಕಲ್ಲಿಗೆ ದಾರದಿಂದ ಕಟ್ಟಿ. ಹವಳದ ಮೈಗೆ ದಾರ ಬಿಗಿದರೆ ಕೊಯ್ದುಹೋಗುತ್ತದೆ, ಅದಕ್ಕೇ ಕಡ್ಡಿ. ಇಲ್ಲಂತೂ ನಿಮ್ಮ ಮೆಣಸಿನ ಬಳ್ಳಿಯ ಕೆಲಸವೇ.

ಜೋವಾ ಮುಟ್ಟುವ ಮೊದಲು ಒಂದು ಮಾತು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಹೇಳದೆ ಹವಳ ಕೊಡುವವರ ಮೇಲೆ ನನಗೆ ಸಿಟ್ಟಿದೆ. ಜೋವಾ ಮತ್ತು ಅದರ ಹತ್ತಿರದ ಸಂಬಂಧಿ ಪಾಲಿಥೋವಾದ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಪ್ರಾಣಿಗಳಲ್ಲಿ ಸಿಗುವ ಅತಿ ಕಟು ವಿಷಗಳಲ್ಲಿ ಅದೊಂದು. ಯಾವ ತುಂಡಿನಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ನೋಡಿ ಹೇಳಲು ಆಗುವುದಿಲ್ಲ. ರಬ್ಬರ್ ಗ್ಲೋವ್ಸ್ ಮತ್ತು ಕನ್ನಡಕ ಹಾಕಿಯೇ ಮುಟ್ಟಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಬೇಡ. ಜೋವಾ ಇರುವ ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯಬೇಡಿ, ಎಂದೂ ಕುದಿಸಬೇಡಿ. ಕುದಿಸಿದ ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ನನಗೂ ಒಮ್ಮೆ ತುಂಡು ಬೇರೆ ಮಾಡುವಾಗ ನೀರು ಕಣ್ಣಿಗೆ ಹಾರಿತು. ಕನ್ನಡಕ ಹಾಕಿರಲಿಲ್ಲ. ಎರಡು ದಿನ ಆ ಕಣ್ಣು ಬಿಡಲು ಆಗಲಿಲ್ಲ. ಡಾಕ್ಟರು ಬೇಗ ನೋಡಿದ್ದರಿಂದ ಉಳಿಯಿತು. ಜೋವಾ ಮುಟ್ಟಿದ ಮೇಲೆ ಬಾಯಿಯಲ್ಲಿ ಲೋಹದ ರುಚಿ, ಜ್ವರ, ಉಸಿರು ಕಟ್ಟುವುದು, ಕಣ್ಣು ಉರಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಪಾಲಿಟಾಕ್ಸಿನ್ ಅನ್ನುವ ಹೆಸರನ್ನೇ ಹೇಳಿ. ಮನೆಯಲ್ಲಿ ಮಕ್ಕಳಿದ್ದರೆ ಟ್ಯಾಂಕಿಗೆ ಕೈ ಹಾಕದಂತೆ ಈಗಲೇ ತಿಳಿಸಿ.

ಕೊನೆಗೆ ನೇತ್ರಾಣಿ. ನಿಮ್ಮ ಗೆಳೆಯರಿಗೆ ಬೇಡ ಅಂತ ಹೇಳಿ. ದಯವಿಟ್ಟು ಗಟ್ಟಿಯಾಗಿ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಕಲ್ಲು ಹವಳಗಳನ್ನೆಲ್ಲ ಸೇರಿಸಿದ್ದಾರೆ. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆ ಕೂಡ ಆ ಪಟ್ಟಿಯಲ್ಲಿವೆ. ಅಂದರೆ ಕಾನೂನಿನಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇವೂ ಇವೆ. ಸಿಕ್ಕಿಬಿದ್ದರೆ ಏಳು ವರ್ಷದವರೆಗೆ ಜೈಲು. ಸತ್ತ ಹವಳಕ್ಕೂ ಇದೇ ಕಾನೂನು. ದಂಡೆಗೆ ಬಂದು ಬಿದ್ದ ಬಿಳಿ ತುಂಡನ್ನು ಮನೆಗೆ ತಂದರೂ ಅಪರಾಧವೇ. ಅದಕ್ಕೇ ನಾನು ಸಿಮೆಂಟಿನಲ್ಲಿ ಮಾಡಿದ ರೀಫ್ ಕಲ್ಲು, ಸೆರಾಮಿಕ್ ಪ್ಲಗ್, ಬೆಳಚಿನ ಚಿಪ್ಪು ಇಷ್ಟೇ ಬಳಸುವುದು.

ಕಾನೂನು ಬಿಟ್ಟು ನೋಡಿದರೂ ಅದು ಸರಿಯಲ್ಲ. ನಮ್ಮ ಕರಾವಳಿಯಲ್ಲಿ ಲಕ್ಷದ್ವೀಪದಂತೆ ಮೈಲಿಗಟ್ಟಲೆ ಹವಳದ ದಿಬ್ಬ ಇಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಕೆಸರು, ಸಿಹಿನೀರು, ಅಲೆಯ ಹೊಡೆತ. ಮುರುಡೇಶ್ವರದಿಂದ ಸುಮಾರು ಹತ್ತೊಂಬತ್ತು ಕಿಲೋಮೀಟರ್ ಸಮುದ್ರದೊಳಗೆ, ನದಿನೀರಿನಿಂದ ದೂರ ಇರುವುದರಿಂದಲೇ ನೇತ್ರಾಣಿಯಲ್ಲಿ ಒಂದಿಷ್ಟು ಉಳಿದುಕೊಂಡಿದೆ. ನಾನು ಅಲ್ಲಿ ಮುಳುಗಿ ನೋಡಿದ್ದೇನೆ. ಬಂಡೆಗೆ ಹರಡಿ ಕೂತ ಹವಳ, ಅದರ ಸಂದಿಯಲ್ಲಿ ಮೀನಿನ ಮರಿ. ಒಂದು ತುಂಡು ಮುರಿದರೆ ಆ ಗಾಯದ ಮೇಲೆ ಮೊದಲು ಪಾಚಿ ಕೂರುತ್ತದೆ. ಅದು ಅಲ್ಲೇ ಇರಲಿ, ನೀವು ಹೋಗಿ ನೋಡಿ ಬನ್ನಿ.

ನೀವು ತಂದಿರುವ ಜೋವಾ, ಮಶ್ರೂಮ್, ಲೆದರ್ ಆ ಪಟ್ಟಿಯ ಗುಂಪುಗಳಲ್ಲಿ ಬರುವುದಿಲ್ಲ. ಆದರೂ ಕೊಟ್ಟವರ ಹತ್ತಿರ ಆಮದಿನ ಕಾಗದದ ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಹ್ಯಾಮರ್, ಅಕ್ರೋಪೋರಾ ಅಂತ ಕಲ್ಲು ಹವಳ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ನಾನು ಯಾರ ಟ್ಯಾಂಕಿಗೂ ಅವನ್ನು ಹಾಕಿಕೊಡುವುದಿಲ್ಲ. ಮೃದು ಹವಳದಲ್ಲೇ ಮೂರು ಅಡಿ ಟ್ಯಾಂಕ್ ತುಂಬಿ ತೂಗುತ್ತದೆ.

ಇವತ್ತು ಉಪ್ಪು ಅಳೆದು ನನಗೆ ತಿಳಿಸಿ. ಎರಡು ವಾರದ ಮೇಲೆ ಒಂದು ಫೋಟೊ ಕಳಿಸಿ, ಆದರೆ ಅರಳಿದ ಹೂವಿನದ್ದಲ್ಲ. ಜೋವಾದ ಬುಡಕ್ಕೆ ಹತ್ತಿರದಿಂದ ತೆಗೆಯಿರಿ. ಪ್ಲಗ್‌ನ ಅಂಚಿನ ಮೇಲೆ ಉಗುರಿನ ದಪ್ಪದಷ್ಟು ಹೊಸ ಮಾಂಸ ಹರಡಿದ್ದು ಕಂಡರೆ, ಆವತ್ತು ಜೆಲ್ ತರಿಸಿ.